ಎರಡು ಲಕ್ಷ ಮಡಿಕೆ, ಒಂದು ಧೂಳಿನ ಕಣ

2019ರ ಏಪ್ರಿಲ್ ನಡುವಿನಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಮಡಚುವ ಫೋನ್ ಗ್ಯಾಲಕ್ಸಿ ಫೋಲ್ಡನ್ನು ಅಮೆರಿಕದ ಕೆಲವು ಪತ್ರಕರ್ತರಿಗೆ ಪರೀಕ್ಷೆಗೆಂದು ಕೊಟ್ಟಿತು. ಬೆಲೆ 1,980 ಡಾಲರ್. ಅಂಗಡಿಗೆ ಬರಬೇಕಿದ್ದದ್ದು ಅದೇ ತಿಂಗಳ 26ರಂದು. ಒಂದೆರಡು ದಿನ ಕಳೆಯುವಷ್ಟರಲ್ಲಿ ದೂರುಗಳು ಶುರುವಾದವು. ಸಿಎನ್‌ಬಿಸಿಯ ವರದಿಗಾರರ ಫೋನಿನ ಒಳಪರದೆ ಎಡೆಬಿಡದೆ ಮಿಣುಕತೊಡಗಿತು. ಬ್ಲೂಮ್‌ಬರ್ಗ್‌ನವರದು ಬಳಸಲಾಗದಷ್ಟು ಕೆಟ್ಟಿತು. ದಿ ವರ್ಜ್‌ನವರ ಫೋನಿನಲ್ಲಿ ಮಡಿಕೆಯ ಮೇಲೆ ಒಂದು ಸಣ್ಣ ಗುಬುಟು ಎದ್ದು, ಅಲ್ಲಿಂದಲೇ ಪರದೆ ಹಾಳಾಯಿತು. ಏಪ್ರಿಲ್ 22ರಂದು ಕಂಪನಿ ಬಿಡುಗಡೆಯನ್ನು ಮುಂದೂಡಿತು.

ವಿಚಿತ್ರವೆಂದರೆ, ಫೋನ್ ಬಾಳಿಕೆ ಬರುತ್ತದೆ ಎನ್ನುವುದಕ್ಕೆ ಕಂಪನಿಯ ಬಳಿ ಪುರಾವೆ ಇತ್ತು. ಯಂತ್ರವೊಂದು ಸಾಲುಸಾಲು ಫೋನ್‌ಗಳನ್ನು ಮಡಚಿ ಬಿಡಿಸಿ, ಮತ್ತೆ ಮಡಚಿ ಬಿಡಿಸುವ ವಿಡಿಯೊವನ್ನು ಅದು ಕೆಲವೇ ವಾರಗಳ ಹಿಂದೆ ತೋರಿಸಿತ್ತು. ಎರಡು ಲಕ್ಷ ಸಲ ಮಡಚಿದರೂ ಏನೂ ಆಗದು, ದಿನಕ್ಕೆ ನೂರು ಸಲ ಎಂದು ಹಿಡಿದರೆ ಐದು ವರ್ಷ ಧಾರಾಳವಾಗಿ ಬರುತ್ತದೆ ಎಂಬುದು ಅದರ ಲೆಕ್ಕ. ಆ ಲೆಕ್ಕ ಸುಳ್ಳೇ ಇರಬೇಕೆಂದೇನಿಲ್ಲ. ಪತ್ರಕರ್ತರ ಕೈಯಲ್ಲಿ ಸತ್ತ ಫೋನ್‌ಗಳು ಎರಡು ಲಕ್ಷವಿರಲಿ, ಎರಡು ಸಾವಿರ ಸಲವೂ ಮಡಚಿಸಿಕೊಂಡಿರಲಾರವು. ಅವು ಸವೆದು ಸಾಯಲಿಲ್ಲ. "ಎಷ್ಟು ಸಲ ಮಡಚಬಹುದು?" ಎಂಬ ಪ್ರಶ್ನೆಯನ್ನು ಜಗತ್ತೆಲ್ಲ ಕೇಳುತ್ತಿತ್ತು, ಕಂಪನಿಗಳೂ ಅದಕ್ಕೇ ಉತ್ತರ ಸಿದ್ಧಮಾಡಿಕೊಂಡಿದ್ದವು. ಫೋನ್‌ಗಳು ಕೈಕೊಟ್ಟದ್ದು ಆ ಪ್ರಶ್ನೆಯ ಆಚೆಗೆ.

ಹಾಗಾದರೆ ಎಲ್ಲಿ? ಅದು ತಿಳಿಯಬೇಕಾದರೆ ಪರದೆ ಬಾಗುವುದೆಂದರೆ ಏನು ಎನ್ನುವಲ್ಲಿಂದ ಹೊರಡಬೇಕು.

ಬಾಗುವ ಲೆಕ್ಕ

ಒಂದು ದಪ್ಪ ರಬ್ಬರನ್ನು ಬೆರಳುಗಳ ನಡುವೆ ಹಿಡಿದು ಬಗ್ಗಿಸಿ ನೋಡಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗಿ ಸುಕ್ಕಾಗುತ್ತದೆ. ನಡುವೆ ಎಲ್ಲೋ ಒಂದು ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹೊರಮೈ ಎಷ್ಟು ಹಿಗ್ಗುತ್ತದೆ ಎನ್ನುವುದಕ್ಕೆ ಸರಳವಾದ ಸೂತ್ರವಿದೆ: ವಸ್ತುವಿನ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸಾಕು. ವಸ್ತು ದಪ್ಪಗಿದ್ದಷ್ಟೂ, ಬಾಗು ಬಿಗಿಯಾದಷ್ಟೂ ಹಿಗ್ಗು ಹೆಚ್ಚು.

ಈಗ ಮಾಮೂಲಿ ಫೋನಿನ ಗಾಜನ್ನು ತೆಗೆದುಕೊಳ್ಳೋಣ. ದಪ್ಪ ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪುಸ್ತಕದಂತೆ ಮುಚ್ಚುವ ಫೋನಿನಲ್ಲಿ ಪರದೆ ಸುಮಾರು ಒಂದೂವರೆ ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಬೇಕು. 0.5 ಭಾಗಿಸು 3. ಅಂದರೆ ಹೊರಮೈ ಹತ್ತಿರ ಹತ್ತಿರ ಶೇ 17ರಷ್ಟು ಹಿಗ್ಗಬೇಕು. ಗಾಜಿಗೆ ಅದರ ಹತ್ತನೇ ಒಂದು ಪಾಲೂ ತಡೆದುಕೊಳ್ಳುವುದು ಕಷ್ಟ. ಅದೇ ಗಾಜನ್ನು 30 ಮೈಕ್ರಾನ್‌ಗೆ, ಎಂದರೆ ತಲೆಗೂದಲಿನ ಅರ್ಧ ದಪ್ಪಕ್ಕೂ ಕಡಿಮೆಗೆ ಇಳಿಸಿದರೆ ಹಿಗ್ಗು ಶೇ 1ಕ್ಕೆ ಬರುತ್ತದೆ. ಆಗ ಮಾತ್ರ ಗಾಜು ಮುರಿಯದೆ ಬಾಗಲು ಒಪ್ಪುತ್ತದೆ. 2019ರಲ್ಲಿ ಅಷ್ಟು ತೆಳುವಾದ ಗಾಜು ಮಾರುಕಟ್ಟೆಯ ಫೋನ್‌ಗಳಿಗೆ ಸಿದ್ಧವಿರಲಿಲ್ಲ. ಹಾಗಾಗಿ ಮೊದಲ ಗ್ಯಾಲಕ್ಸಿ ಫೋಲ್ಡ್‌ನ ಒಳಪರದೆಯ ಮೇಲ್ಮೈಯಲ್ಲಿ ಗಾಜೇ ಇರಲಿಲ್ಲ. ಇದ್ದದ್ದು ಪಾಲಿಇಮೈಡ್ ಎಂಬ ಪಾರದರ್ಶಕ ಪ್ಲಾಸ್ಟಿಕ್.

ಪರದೆ ಒಂದೇ ಹಾಳೆಯೂ ಅಲ್ಲ. ಅಡಿಯಲ್ಲಿ ಆಸರೆಯ ಲೋಹದ ತಗಡು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಆ ಹಾಳೆಯ ಮೇಲೆ ಸೂಕ್ಷ್ಮ ಟ್ರಾನ್ಸಿಸ್ಟರ್‌ಗಳ ಜಾಲ, ಬೆಳಗುವ ಒಎಲ್‌ಇಡಿ ಪದರ, ಗಾಳಿ ನೀರು ಒಳಗೆ ಹೋಗದಂತೆ ಒಂದು ಮುಚ್ಚಿಗೆ, ಪ್ರತಿಫಲನ ತಡೆಯುವ ಪೊಲರೈಸರ್, ಸ್ಪರ್ಶ ಗುರುತಿಸುವ ಪದರ, ಹೊದಿಕೆ, ಅದರ ಮೇಲೊಂದು ರಕ್ಷಣೆಯ ಫಿಲ್ಮ್. ಇವೆಲ್ಲವನ್ನೂ ಹಿಡಿದಿಟ್ಟಿರುವುದು ಪದರ ಪದರದ ನಡುವಿನ ಪಾರದರ್ಶಕ ಅಂಟು.

ಈ ಅಂಟಿನ ಕೆಲಸ ಎಷ್ಟು ಕಷ್ಟದ್ದೆಂದು ನೋಡಲು ನೂರು ಪುಟದ ನೋಟ್‌ಬುಕ್ ಸಾಕು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಮಾನಿನಂತೆ ಬಗ್ಗಿಸಿ, ಹೊಲಿಗೆ ಇಲ್ಲದ ಅಂಚಿನತ್ತ ನೋಡಿ. ನೆಟ್ಟಗಿದ್ದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿರುತ್ತದೆ. ಪ್ರತಿ ಪುಟವೂ ತನ್ನ ಪಕ್ಕದ ಪುಟದ ಮೇಲೆ ಒಂದಿಷ್ಟು ಜಾರಿದೆ. ಹಾಗೆ ಜಾರಲು ಬಿಟ್ಟದ್ದರಿಂದಲೇ ಪುಸ್ತಕ ಸಲೀಸಾಗಿ ಬಗ್ಗಿತು. ಈಗ ಅದೇ ಪುಟಗಳನ್ನು ಒಂದಕ್ಕೊಂದು ಬಿಗಿಯಾಗಿ ಅಂಟಿಸಿಬಿಟ್ಟರೆ ಪುಸ್ತಕ ಹಲಗೆಯಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಮಡಚುವ ಪರದೆಯ ಅಂಟು ಈ ಎರಡರ ನಡುವೆ ಇರಬೇಕು. ಪದರಗಳು ಕಳಚಿಕೊಳ್ಳದಷ್ಟು ಗಟ್ಟಿ, ಒಂದರ ಮೇಲೊಂದು ಜಾರುವಷ್ಟು ಮೆತ್ತಗೆ, ಬಿಡಿಸಿದ ಕೂಡಲೇ ಮೊದಲಿನ ಜಾಗಕ್ಕೆ ಮರಳುವಷ್ಟು ಚುರುಕು.

ಮರಳುವ ಮಾತಿನಲ್ಲೇ ತೊಡಕು ಇರುವುದು. ಅಂಟೂ ಪ್ಲಾಸ್ಟಿಕ್ಕೂ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದರೆ ಆ ಭಂಗಿಯನ್ನೇ ರೂಢಿಮಾಡಿಕೊಳ್ಳುತ್ತವೆ. ಇಡೀ ರಾತ್ರಿ ಮಡಚಿಟ್ಟ ಫೋನನ್ನು ಬೆಳಿಗ್ಗೆ ಬಿಡಿಸಿದಾಗ ನಡುವಿನ ಗೆರೆ ಎದ್ದುಕಾಣುವುದು ಇದಕ್ಕೇ. ಬೆರಳಾಡಿಸಿದರೆ ಸಣ್ಣ ತಗ್ಗು ತಾಗುತ್ತದೆ, ಬೆಳಕು ಓರೆಯಾಗಿ ಬಿದ್ದರೆ ಕಣ್ಣಿಗೂ ಕಾಣುತ್ತದೆ. ವಿಮರ್ಶೆಗಳಲ್ಲಿ ಆ ಗೆರೆಗೆ ಸಿಕ್ಕಷ್ಟು ಬೈಗುಳ ಬೇರಾವುದಕ್ಕೂ ಸಿಗಲಿಲ್ಲ. ನನಗೆ ಅದು ಅಷ್ಟೇನೂ ದೊಡ್ಡ ದೋಷವಾಗಿ ಕಾಣುವುದಿಲ್ಲ. ಪರದೆ ಬೆಳಗಿ, ಕಣ್ಣು ಓದಿನಲ್ಲಿ ನೆಟ್ಟ ಮೇಲೆ ಮರೆತೇಹೋಗುತ್ತದೆ. ಫೋನನ್ನು ಕೊಲ್ಲುವುದು ಗೆರೆಯಲ್ಲ.

ಚಳಿಯ ವಿಷಯ ಬೇರೆ. ತಣ್ಣಗಾದಂತೆ ಪ್ಲಾಸ್ಟಿಕ್ಕೂ ಅಂಟೂ ಬಿರುಸಾಗುತ್ತವೆ, ಜಾರಬೇಕಾದ ಪದರ ಜಾರುವುದಿಲ್ಲ. 2019ರ ನವೆಂಬರ್‌ನಲ್ಲಿ ಚೀನಾದಲ್ಲಿ ಮಾರಾಟಕ್ಕೆ ಬಂದ ಹುವಾವೇ ಮೇಟ್ ಎಕ್ಸ್ ಫೋನಿನ ಜೊತೆ, ಮೈನಸ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಮಡಚಬೇಡಿ ಎಂಬ ಎಚ್ಚರಿಕೆಯೂ ಇತ್ತು. ಬೀಜಿಂಗ್‌ನಲ್ಲಿ ಚಳಿಗಾಲ ಕಾಲಿಡುತ್ತಿದ್ದ ತಿಂಗಳದು.

ಕಿತ್ತುಹಾಕಿದ ಫಿಲ್ಮ್

ಮತ್ತೆ ಏಪ್ರಿಲ್‌ಗೆ ಬರೋಣ. ಬ್ಲೂಮ್‌ಬರ್ಗ್ ವರದಿಗಾರರು ಮಾಡಿದ ತಪ್ಪು ಇಷ್ಟೇ: ಪರದೆಯ ಮೇಲಿದ್ದ ತೆಳುವಾದ ಫಿಲ್ಮನ್ನು ಕಿತ್ತುಹಾಕಿದ್ದರು. ಹೊಸ ಫೋನ್ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಸುಲಿದು ಬಿಸಾಡುವುದು ಎಲ್ಲರ ಅಭ್ಯಾಸ. ಎಷ್ಟೋ ಜನಕ್ಕೆ ಹೊಸ ಫೋನಿನ ಅರ್ಧ ಖುಷಿ ಇರುವುದೇ ಅದರಲ್ಲಿ. ಗ್ಯಾಲಕ್ಸಿ ಫೋಲ್ಡ್‌ನ ಫಿಲ್ಮ್ ನೋಡಲು ಹಾಗೆಯೇ ಇತ್ತು. ಅದರ ಅಂಚು ಚೌಕಟ್ಟಿಗೆ ತಾಗದೆ, ಕೂದಲೆಳೆಯಷ್ಟು ಮೊದಲೇ ನಿಂತಿತ್ತು. ಉಗುರು ಸಿಕ್ಕಿಸಲು ಅಷ್ಟು ಜಾಗ ಸಾಕು.

ಆದರೆ ಆ ಫಿಲ್ಮ್ ಪರದೆಯ ರಚನೆಯ ಒಂದು ಭಾಗವಾಗಿತ್ತು. ಅದನ್ನು ಎಳೆಯುವಾಗ ಬಲ ಬೀಳುವುದು ಅದರ ಕೆಳಗಿನ ಮೃದು ಪದರಗಳ ಮೇಲೆ. ಮಾಮೂಲಿ ಫೋನಿನಲ್ಲಿ ಆ ಬಲವನ್ನು ಗಾಜು ನುಂಗಿಕೊಳ್ಳುತ್ತದೆ, ಇಲ್ಲಿ ಗಾಜಿಲ್ಲ. ಒಎಲ್‌ಇಡಿ ವಸ್ತುವಿಗೆ ತೇವಾಂಶವೂ ಆಮ್ಲಜನಕವೂ ವಿಷವಿದ್ದಂತೆ. ಅದರ ಮೇಲಿನ ಮುಚ್ಚಿಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟರೂ ಸಾಕು, ಅಲ್ಲಿಂದ ಕಪ್ಪು ಕಲೆ ಶಾಯಿ ಚೆಲ್ಲಿದಂತೆ ಹರಡುತ್ತದೆ. ಬಿರುಕು ಟ್ರಾನ್ಸಿಸ್ಟರ್‌ಗಳ ಸಾಲಿಗೆ ಬಿದ್ದರೆ ಮೇಲಿಂದ ಕೆಳಗಿನವರೆಗೆ ಬಣ್ಣದ ಗೆರೆ ಮೂಡುತ್ತದೆ.

ಇದು ವಸ್ತುವಿಜ್ಞಾನದ ಸೋಲಲ್ಲ, ವಿನ್ಯಾಸದ ಸೋಲು. ಕೀಳಬಾರದ್ದನ್ನು ಕೀಳುವಂತೆ ಮಾಡಿಟ್ಟು, ಬಳಸುವವರು ಕಿತ್ತರು ಎಂದು ದೂರಿದರೆ ಪ್ರಯೋಜನವಿಲ್ಲ. ಸ್ಯಾಮ್‌ಸಂಗ್‌ಗೂ ಅದು ಅರ್ಥವಾಯಿತು. ತಿದ್ದಿದ ಫೋನ್ 2019ರ ಸೆಪ್ಟೆಂಬರ್ 6ರಂದು ದಕ್ಷಿಣ ಕೊರಿಯಾದಲ್ಲಿ ಬಿಡುಗಡೆಯಾದಾಗ ಫಿಲ್ಮಿನ ಅಂಚು ಚೌಕಟ್ಟಿನ ಅಡಿಗೆ ಸೇರಿ ಮರೆಯಾಗಿತ್ತು. ಉಗುರಿಗೆ ಸಿಗುವ ಅಂಚೇ ಇಲ್ಲವಾದ ಮೇಲೆ ಕೀಳುವ ಮಾತೂ ಇಲ್ಲ.

ಗುಬುಟು ಎದ್ದದ್ದು ಹೇಗೆ

ದಿ ವರ್ಜ್‌ನವರ ಫೋನಿನ ಕತೆ ಇದಕ್ಕಿಂತ ಆಳವಾದದ್ದು. ಅವರು ಏನನ್ನೂ ಕಿತ್ತಿರಲಿಲ್ಲ.

ಮಡಚುವ ಫೋನಿನ ಬೆನ್ನೆಲುಬು ಅದರ ಕೀಲು, ಅಂದರೆ ಹಿಂಜ್. ಬಾಗಿಲಿನ ಕೀಲಿನಂತೆ ಬರೀ ತಿರುಗಿದರೆ ಇಲ್ಲಿ ನಡೆಯುವುದಿಲ್ಲ. ಎರಡೂ ಭಾಗಗಳು ಒಂದೇ ವೇಗದಲ್ಲಿ ಸರಿಯಬೇಕು, ಯಾವ ಕೋನದಲ್ಲೂ ಪರದೆಯನ್ನು ಎಳೆಯಬಾರದು, ಮುಚ್ಚಿದಾಗ ಬಾಗಿದ ಪರದೆಗೆ ಒಳಗೆ ಜಾಗ ಮಾಡಿಕೊಡಬೇಕು. ಇದಕ್ಕಾಗಿ ಒಳಗೆ ಪುಟ್ಟ ಪುಟ್ಟ ಹಲ್ಲುಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ಚಲಿಸುತ್ತವೆ. ಚಲಿಸುವ ಭಾಗವೆಂದ ಮೇಲೆ ಸಂದು ಇರಲೇಬೇಕು. ಗ್ಯಾಲಕ್ಸಿ ಫೋಲ್ಡ್ ಬಿಡಿಸಿದಾಗ ಮಡಿಕೆಯ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ, ಚೌಕಟ್ಟಿನ ಎರಡು ಭಾಗಗಳು ಕೂಡುವಲ್ಲಿ, ಅಂಥ ಸಣ್ಣ ಸಂದು ಬಾಯಿ ಬಿಟ್ಟುಕೊಂಡಿತ್ತು.

ಫೋನ್ ಜೇಬಿನಲ್ಲಿದೆ ಎಂದುಕೊಳ್ಳಿ. ಜೇಬಿನ ಮೂಲೆಯಲ್ಲಿ ಬಟ್ಟೆಯ ನವಿರು, ಧೂಳು, ಒಂದೆರಡು ಮರಳಿನ ಕಣ ಇದ್ದೇ ಇರುತ್ತವೆ. ಒಂದು ಕಣ ಸಂದಿನ ಮೂಲಕ ಒಳಗೆ ಹೋಗಿ, ಪರದೆಗೂ ಅದರ ಅಡಿಯ ಲೋಹಕ್ಕೂ ನಡುವೆ ಕೂರುತ್ತದೆ. ಫೋನ್ ಮಡಚಿದ್ದಾಗ ಅಲ್ಲಿ ಟೊಳ್ಳು ಜಾಗವಿರುವುದರಿಂದ ಕಣಕ್ಕೆ ಯಾವ ಒತ್ತಡವೂ ಇಲ್ಲ. ಬಿಡಿಸಿದಾಗ ಪರದೆ ಬಿಗಿಯಾಗಿ ಚಾಚಿ ಕಣದ ಮೇಲೆ ಕೂರುತ್ತದೆ. ಮೇಲಿನಿಂದ ಬೆರಳು ಒತ್ತುತ್ತದೆ, ಕೆಳಗಿನಿಂದ ಕಣ ಒತ್ತುತ್ತದೆ. ನಡುವೆ ಸಿಕ್ಕಿದ್ದು ಕಾಗದದಷ್ಟು ತೆಳುವಾದ ಪರದೆ. ಸಾಮಾನ್ಯ ಮರಳು ಎಂದರೆ ಸ್ಫಟಿಕಶಿಲೆ. ಮೋಸ್ ಎಂಬ ಗಡಸುತನದ ಅಳತೆಯಲ್ಲಿ ಅದು 7ರಲ್ಲಿ ನಿಲ್ಲುತ್ತದೆ, ಪ್ಲಾಸ್ಟಿಕ್ 2-3ರ ಆಸುಪಾಸಿನಲ್ಲಿ. ಜಗಳ ಎಂದೂ ಸಮಬಲದ್ದಲ್ಲ.

ಪರೀಕ್ಷೆಯ ಯಂತ್ರಕ್ಕೆ ಜೇಬಿಲ್ಲ ಎಂಬುದೇ ಇಲ್ಲಿನ ಇಡೀ ವಿಷಯ. ಅದು ಶುಚಿಯಾದ ಕೋಣೆಯಲ್ಲಿ ಸಮನಾದ ಬಲ ಹಾಕಿ, ಒಂದೇ ದಾರಿಯಲ್ಲಿ ಮಡಚುತ್ತದೆ. ಮನುಷ್ಯರು ಒಂದು ಕೈಯಲ್ಲಿ, ಒಂದು ಮೂಲೆ ಹಿಡಿದು, ಓರೆಯಾಗಿ ತಿರುಚುತ್ತ ತೆರೆಯುತ್ತಾರೆ. ಮುಚ್ಚುವಾಗ ನಡುವೆ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡುವುದಿಲ್ಲ. ಏಪ್ರಿಲ್ 22ರ ಹೇಳಿಕೆಯಲ್ಲಿ ಕಂಪನಿಯೂ ಎರಡು ಕಾರಣ ಕೊಟ್ಟಿತ್ತು: ಕೀಲಿನ ತೆರೆದ ತುದಿಗಳಿಗೆ ಬಿದ್ದ ಪೆಟ್ಟು ಮತ್ತು ಫೋನಿನೊಳಗೆ ಸಿಕ್ಕ ಹೊರಗಿನ ವಸ್ತು. ತಿದ್ದಿದ ಮಾದರಿಯಲ್ಲಿ ಮಡಿಕೆಯ ಎರಡೂ ತುದಿಗೆ ಪ್ಲಾಸ್ಟಿಕ್ಕಿನ ಸಣ್ಣ ಟೋಪಿಗಳನ್ನು ತೊಡಿಸಿ, ಪರದೆಯ ಅಡಿಗೆ ಇನ್ನಷ್ಟು ಲೋಹದ ಪದರ ಸೇರಿಸಿ, ಕೀಲಿಗೂ ಮೈಗೂ ನಡುವಿನ ಅಂತರವನ್ನು ಕಿರಿದು ಮಾಡಲಾಗಿತ್ತು. ಮಡಚುವ ಸಂಖ್ಯೆಯನ್ನು ಎರಡು ಲಕ್ಷದಿಂದ ಮೂರಕ್ಕೆ ಏರಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಆ ಸಂಖ್ಯೆಯನ್ನು ಹೊರಗಿನವರೂ ಒರೆಗೆ ಹಚ್ಚಿದರು. ತಿದ್ದಿದ ಗ್ಯಾಲಕ್ಸಿ ಫೋಲ್ಡನ್ನು ಸಿನೆಟ್ ಎಂಬ ತಂತ್ರಜ್ಞಾನ ಸುದ್ದಿಸಂಸ್ಥೆ ಯಂತ್ರಕ್ಕೆ ಕೊಟ್ಟು ಮಡಚಿಸಿದಾಗ, ಸುಮಾರು 1.2 ಲಕ್ಷ ಮಡಿಕೆಗಳ ಹೊತ್ತಿಗೆ ಅದು ಸೋತಿತು. ಹೇಳಿದ್ದಕ್ಕಿಂತ ಕಡಿಮೆಯೇ ಸರಿ, ಆದರೂ ದಿನಕ್ಕೆ ನೂರರಂತೆ ಮೂರು ವರ್ಷ ಮೀರುವ ಲೆಕ್ಕ. ಅದೇ ಸಂಸ್ಥೆ 2020ರ ಫೆಬ್ರುವರಿಯಲ್ಲಿ ಮೊಟೊರೊಲಾದ ಹೊಸ ರೇಜರ್ ಫೋನನ್ನು ಮಡಚಿಸಿದಾಗ 27 ಸಾವಿರಕ್ಕೇ ಕೀಲು ಸಿಕ್ಕಿಕೊಂಡಿತು. ಪರದೆ ಇನ್ನೂ ಬೆಳಗುತ್ತಲೇ ಇತ್ತು. ಆ ಯಂತ್ರ ತನ್ನ ಫೋನಿಗೆ ಹೊಂದುವಂಥದ್ದಲ್ಲ ಎಂದು ಮೊಟೊರೊಲಾ ಆಕ್ಷೇಪಿಸಿತು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ.

ಹೊರಕ್ಕೆ ಮಡಚಿದರೆ?

ಮಡಿಕೆಯ ಬಾಗು ಬಿಗಿಯಾಗುವುದೇ ತೊಂದರೆಯಾದರೆ, ಪರದೆ ಹೊರಗಿರುವಂತೆ ಮಡಚಬಹುದಲ್ಲ ಎಂದು ಯಾರಿಗಾದರೂ ತೋಚುತ್ತದೆ. ಮಾರುಕಟ್ಟೆಯ ಮೊದಲ ಮಡಚುವ ಫೋನ್ ಮಾಡಿದ್ದೇ ಅದನ್ನು. ಚೀನಾದ ರೊಯೋಲ್ ಕಂಪನಿ 2018ರ ಅಕ್ಟೋಬರ್ 31ರಂದು ಬೀಜಿಂಗ್‌ನಲ್ಲಿ ಹೊರತಂದ ಫ್ಲೆಕ್ಸ್‌ಪೈ ಹೊರಮುಖವಾಗಿ ಮಡಚುತ್ತಿತ್ತು, ಹುವಾವೇ ಮೇಟ್ ಎಕ್ಸ್ ಕೂಡ. ಫೋನಿನ ಮೈಯೇ ಬಾಗಿನ ಒಳಗೆ ಸಿಗುವುದರಿಂದ ತ್ರಿಜ್ಯ ದೊಡ್ಡದು, ಹಿಗ್ಗು ಕಡಿಮೆ, ಗೆರೆಯೂ ಮಂದ. ಹೊರಗೆ ಇನ್ನೊಂದು ಪರದೆಯ ಖರ್ಚೂ ಇಲ್ಲ.

ಆದರೆ ಜೇಬಿನ ಕೀಲಿಗೊಂಚಲು, ಮೇಜಿನ ಮೇಲಿನ ಕಸ, ಕೆಳಗೆ ಬಿದ್ದರೆ ನೆಲ, ಎಲ್ಲಕ್ಕೂ ಮೊದಲು ಎದೆಯೊಡ್ಡುವುದು ಆ ಪ್ಲಾಸ್ಟಿಕ್ ಪರದೆಯೇ. ಮುಚ್ಚಿದಾಗಲೂ ಕಾಪು ಇಲ್ಲ. ಮಡಚುವ ಭಾಗ ಹೊರಗಿರುವುದರಿಂದ ಪೂರ್ತಿ ಮುಚ್ಚುವ ಕವಚ ಹಾಕುವುದೂ ಕಷ್ಟ. ಹುವಾವೇ ಕೂಡ ಮುಂದಿನ ಮೇಟ್ ಎಕ್ಸ್2ರಲ್ಲಿ ಒಳಮುಖದ ಮಡಿಕೆಗೆ ಬಂದಿತು.

ಮೊಟೊರೊಲಾ ರೇಜರ್ ಹಿಡಿದ ದಾರಿ ಇವೆರಡಕ್ಕಿಂತ ಜಾಣತನದ್ದು. 2019ರ ನವೆಂಬರ್‌ನಲ್ಲಿ 1,499 ಡಾಲರ್ ಬೆಲೆಗೆ ಪ್ರಕಟವಾದ ಈ ಫೋನ್ ಹಳೆಯ ಮಡಚು ಮೊಬೈಲಿನಂತೆ ಅಡ್ಡಕ್ಕೆ ಮುಚ್ಚುತ್ತಿತ್ತು. ಮುಚ್ಚುವಾಗ ಪರದೆ ಕೀಲಿನೊಳಗಿನ ಟೊಳ್ಳಿಗೆ ಇಳಿದು, ನೀರಿನ ಹನಿಯ ಆಕಾರದಲ್ಲಿ ಅಗಲವಾಗಿ ಬಾಗುತ್ತಿತ್ತು. ಬಾಗು ಸಡಿಲವಾದ್ದರಿಂದ ಗೆರೆ ಬಹುತೇಕ ಇಲ್ಲ, ಎರಡು ಭಾಗಗಳ ನಡುವೆ ಕಿಂಡಿಯೂ ಇಲ್ಲ. ಆದರೆ ಹಾಗೆ ಇಳಿಯಲು ಪರದೆ ಅಡಿಯ ಫಲಕಕ್ಕೆ ಅಂಟದೆ ಸಡಿಲವಾಗಿರಬೇಕು, ಅಡಿಯ ಫಲಕಗಳೂ ಸರಿಯಬೇಕು. ಬಿಡಿಸುವಾಗ ಕಿರಗುಟ್ಟುವ ಸದ್ದು, ಬೆರಳಿಗೆ ತಾಗುವ ಏರುಪೇರು. ಬಳಕೆಯ ಸೂಚನೆ ನೀಡುವ ವಿಡಿಯೊದಲ್ಲಿ ಕಂಪನಿ, ಪರದೆಯಲ್ಲಿ ಉಬ್ಬುತಗ್ಗು ಇರುವುದು ಸಹಜ ಎಂದೇ ಹೇಳಿಬಿಟ್ಟಿತು. ಜನ ನಕ್ಕರು. ಕೀಲಿನ ಆ ವಿಚಾರ ಮಾತ್ರ ಸರಿಯಾಗಿತ್ತು. ಕೆಲವು ವರ್ಷಗಳಲ್ಲಿ ಹನಿಯಾಕಾರದ ಬಾಗು ಬೇರೆ ಕಂಪನಿಗಳ ಫೋನ್‌ಗಳಿಗೂ ಹಬ್ಬಿತು.

ಗಾಜು ಬಂತು, ಗೀರು ಹೋಗಲಿಲ್ಲ

2020ರ ಫೆಬ್ರುವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಝಡ್ ಫ್ಲಿಪ್ ತಂದಾಗ ಮೇಲೆ ಹೇಳಿದ ಅತಿತೆಳು ಗಾಜು ಕೊನೆಗೂ ಬಂದಿತ್ತು. ಇಂಥ ಗಾಜನ್ನು ರಾಸಾಯನಿಕದಲ್ಲಿ ಅದ್ದಿ, ಮೇಲ್ಮೈಯ ಸೋಡಿಯಂ ಅಯಾನುಗಳ ಜಾಗಕ್ಕೆ ದಪ್ಪನೆಯ ಪೊಟ್ಯಾಸಿಯಂ ಅಯಾನುಗಳನ್ನು ತುರುಕುತ್ತಾರೆ. ಇದರಿಂದ ಮೇಲ್ಮೈ ಸದಾ ಒತ್ತಿ ಹಿಡಿದಂತಿದ್ದು, ಬಾಗಿದಾಗ ಬಿರುಕು ತೆರೆದುಕೊಳ್ಳುವುದು ತಪ್ಪುತ್ತದೆ.

ಗಾಜು ಎಂದ ಕೂಡಲೇ ಜನ ಗೀರು ಬೀಳದು ಎಂದುಕೊಂಡರು. ಜೆರ್ರಿರಿಗ್‌ಎವೆರಿಥಿಂಗ್ ಎಂಬ ಯೂಟ್ಯೂಬ್ ಚಾನೆಲ್ ಗಡಸುತನದ ಕಡ್ಡಿಗಳಿಂದ ಕೆರೆದು ನೋಡಿದಾಗ 2ನೇ ಮಟ್ಟಕ್ಕೇ ಗುರುತು, 3ಕ್ಕೆ ಆಳದ ಗೀರು. ಉಗುರಿನ ಗಡಸುತನವೇ ಸುಮಾರು 2.5. ಇದು ಮೋಸವೇನೂ ಅಲ್ಲ. ಕೂದಲಿಗಿಂತ ತೆಳುವಾದ ಗಾಜನ್ನು ಬರಿದೇ ಬಿಟ್ಟರೆ ಮೊನಚಾದ ಒಂದು ಕಣಕ್ಕೆ ಒಡೆದುಹೋಗುತ್ತದೆ, ಅದಕ್ಕೇ ಮೇಲೊಂದು ಪ್ಲಾಸ್ಟಿಕ್ ಪದರ. ಗೀರು ಬಿದ್ದದ್ದು ಆ ಪದರದ ಮೇಲೆ. ಹಾಗಾದರೆ ಗಾಜಿನಿಂದ ಲಾಭವೇನು? ಗಾಜಿಗೆ ಪ್ಲಾಸ್ಟಿಕ್ಕಿನಂತೆ ಬಾಗಿದ ಭಂಗಿಯನ್ನು ರೂಢಿಮಾಡಿಕೊಳ್ಳುವ ಚಾಳಿ ಇಲ್ಲ. ನೋಟ ಸಮತಟ್ಟು, ಮುಟ್ಟಿದರೆ ಗಟ್ಟಿ. ಗೀರಿನ ಪಾಡು ಮೊದಲಿನದೇ.

ಝಡ್ ಫ್ಲಿಪ್‌ನ ಇನ್ನೊಂದು ಸಣ್ಣ ಸಂಗತಿ ನನಗೆ ಹೆಚ್ಚು ಇಷ್ಟ. ಕೀಲಿನ ಸಂದಿನಲ್ಲಿ ನೈಲಾನ್ ಎಳೆಗಳ ಕುಂಚ ಕೂರಿಸಿದ್ದರು. ಫೋನ್ ತೆರೆದು ಮುಚ್ಚಿದಾಗಲೆಲ್ಲ ಅದು ಧೂಳನ್ನು ಹೊರಕ್ಕೆ ಗುಡಿಸುತ್ತದೆ. ಸಂದನ್ನು ಮುಚ್ಚಲಾಗದು ಎಂದು ಒಪ್ಪಿಕೊಂಡು ಬಾಗಿಲಲ್ಲಿ ಪೊರಕೆ ಇಟ್ಟ ಉಪಾಯವಿದು.

ಬಳಕೆಯ ತೊಡಕುಗಳು ಬೇರೆಯೇ ಇದ್ದವು. ಮೊದಲ ಗ್ಯಾಲಕ್ಸಿ ಫೋಲ್ಡ್ ಮುಚ್ಚಿದಾಗ ಕೀಲಿನ ಕಡೆ 17 ಮಿಲಿಮೀಟರ್ ದಪ್ಪ, ತೂಕ ಕಾಲು ಕಿಲೋಗಿಂತ ಹೆಚ್ಚು. ಕೀಲು ನಡುವೆ ಬಂದದ್ದರಿಂದ ಬ್ಯಾಟರಿಯನ್ನೂ ಎರಡಾಗಿ ಒಡೆಯಬೇಕಾಯಿತು. ಹೊರಗಿನ ಪರದೆ ಬರೀ 4.6 ಇಂಚು, ಅದೂ ಉದ್ದ ಪಟ್ಟಿಯಂತೆ. ಅದರ ಕೀಬೋರ್ಡಿನಲ್ಲಿ ಒಂದು ಅಕ್ಷರಕ್ಕೆ ಒತ್ತಿದರೆ ಪಕ್ಕದ್ದು ಬೀಳುವುದು ಖಚಿತ. ಒಳಪರದೆ ಹೆಚ್ಚುಕಡಿಮೆ ಚೌಕ, ಹಾಗಾಗಿ ಅಗಲ ಪರದೆಯ ಸಿನಿಮಾ ಹಾಕಿದರೆ ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ. ಆ್ಯಪ್‌ಗಳಿಗೆ ಇಂಥ ಆಕಾರವೇ ಹೊಸದು. ದೊಡ್ಡ ಪರದೆಗೆಂದೇ ರೂಪಿಸಿದ ಆಂಡ್ರಾಯ್ಡ್ 12ಎಲ್ ಬಂದದ್ದು 2022ರಲ್ಲಿ. ಸಾಫ್ಟ್‌ವೇರ್ ತೊಂದರೆಗಳಿಗೆ ಒಂದು ಸೌಕರ್ಯವಿದೆ, ಮಾರಿದ ಮೇಲೂ ತಿದ್ದಬಹುದು. ಕೀಲಿಗೆ ಆ ಭಾಗ್ಯವಿಲ್ಲ.

ನೀರು, ಧೂಳು ಮತ್ತು ಎಕ್ಸ್

ಧೂಳಿನ ಕತೆ ಎಲ್ಲಿಗೆ ಬಂತು ಎನ್ನುವುದನ್ನು ಫೋನ್‌ಗಳ ಐಪಿ ಅಂಕಿಗಳಲ್ಲೇ, ಎಂದರೆ ಧೂಳು ನೀರನ್ನು ಫೋನ್ ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿಗಳಲ್ಲೇ ಓದಬಹುದು. ಐಪಿ ಎಂಬ ಅಕ್ಷರಗಳ ನಂತರದ ಮೊದಲ ಅಂಕಿ ಗಟ್ಟಿ ಕಣಗಳಿಗೆ, ಎರಡನೆಯದು ನೀರಿಗೆ. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಅದರ ಬಗ್ಗೆ ಯಾವ ಭರವಸೆಯೂ ಇಲ್ಲ ಎಂದರ್ಥ. 2021ರ ಗ್ಯಾಲಕ್ಸಿ ಝಡ್ ಫೋಲ್ಡ್3 ಹೊತ್ತು ತಂದದ್ದು ಐಪಿಎಕ್ಸ್8. ಒಂದೂವರೆ ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಉಳಿಯುತ್ತದೆ, ಧೂಳಿನ ಮಾತೆತ್ತಬೇಡಿ!

ನೀರನ್ನು ತಡೆದವರಿಗೆ ಧೂಳು ಏಕೆ ಕಷ್ಟ? ಏಕೆಂದರೆ ಕೀಲಿನೊಳಗೆ ನೀರು ಬರುವುದನ್ನು ಅವರು ತಡೆದೇ ಇರಲಿಲ್ಲ. ಎರಡೂ ಭಾಗಗಳೊಳಗಿನ ಸರ್ಕ್ಯೂಟು, ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಮುದ್ರೆ ಹಾಕಿ, ಅವುಗಳನ್ನು ಕೂಡಿಸುವ ತಂತಿಪಟ್ಟಿ ಹಾದುಹೋಗುವ ಜಾಗಕ್ಕೂ ಅಂಟು ತುಂಬಿ, ಕೀಲನ್ನು ನೆನೆಯಲು ಬಿಟ್ಟರು. ತುಕ್ಕು ಹಿಡಿಯದಂಥ ಗ್ರೀಸ್ ಹಚ್ಚಿದ್ದರಾಯಿತು, ಒಳಗೆ ಹೋದ ನೀರು ಹರಿದು ಆರಿಹೋಗುತ್ತದೆ. ಧೂಳಿನ ಕಣ ಆರುವುದಿಲ್ಲ. ಹಲ್ಲುಗಾಲಿಗಳ ನಡುವೆ, ಪರದೆಯ ಅಡಿಯಲ್ಲಿ ಉಳಿದುಬಿಡುತ್ತದೆ.

2024ರ ಝಡ್ ಫೋಲ್ಡ್6ರಲ್ಲಿ ಆ ಎಕ್ಸ್ ಹೋಗಿ ಅಂಕಿ ಬಂತು: ಐಪಿ48. ಈ 4ಕ್ಕೆ ಒಂದು ಮಿಲಿಮೀಟರಿಗಿಂತ ದೊಡ್ಡ ವಸ್ತು ಒಳಗೆ ಹೋಗದು ಎಂದಷ್ಟೇ ಅರ್ಥ; ಬಹುಪಾಲು ಮರಳಿನ ಕಣಗಳು ಅದಕ್ಕಿಂತ ಚಿಕ್ಕವು. ಧೂಳು ಹೋಗುವುದೇ ಇಲ್ಲ ಎನ್ನುವ 6ನ್ನು ಮಡಚುವ ಫೋನಿನ ಮೇಲೆ ಬರೆದದ್ದು ಗೂಗಲ್, 2025ರ ಪಿಕ್ಸೆಲ್ 10 ಪ್ರೊ ಫೋಲ್ಡ್‌ನಲ್ಲಿ. ದಿ ವರ್ಜ್‌ನವರ ಫೋನಿನಲ್ಲಿ ಆ ಗುಬುಟು ಎದ್ದು ಆಗ ಆರು ವರ್ಷ ದಾಟಿತ್ತು.